ಅರಳು, ಮರಳು

ಭಟ್ಟಿಯೊಳಗೆ ಬೆವರಿಗೆ ಹೆಸರಿಲ್ಲ.
ಹಣೆಯದು ಕಣ್ಣಿಗೆ, ಕಣ್ಣಿನದು ಮೀಸೆಗೆ,
ಮೀಸೆಯದು ಬಾಣಲೆಯ ಅಂಚಿಗೆ, ಚುರ್.
ಹದಿನೇಳು ವರ್ಷ ಹೀಗೇ ಮಂಡಕ್ಕಿ ಹುರಿದಿದ್ದೇನೆ.
ಕಾದ ಮರಳಿಗೆ ಅಕ್ಕಿ ಸುರುವಿ
ಐದು ಎಣಿಸುವುದರೊಳಗೆ ಬಾಣಲೆ ತುಂಬ ಬಿಳಿ.
ಬೆವರು ಏನನ್ನಾದರೂ ಹೇಳುತ್ತದೆ ಅಂತ
ಯಾರೂ ನನಗೆ ಹೇಳಿರಲಿಲ್ಲ.

ಹೇಳಿದವರು ಸಿಸ್ಟರ್ ಹಾಲಮ್ಮ,
ಚಿಗಟೇರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ:
"ಸಕ್ಕರೆ ಇಳಿದ್ರೆ ಹುಡುಗಿ ಬೆವರ್ತಾಳೆ, ನಡುಗ್ತಾಳೆ.
ಅದೇ ನಿಮಗೆ ಗಂಟೆ. ಕಿವಿಗೊಟ್ಟು ಕೇಳ್ರಿ."
ಆಗ ಡಿಸೆಂಬರ್. ಗಂಟೆ ಕೇಳಿಸುತ್ತಿತ್ತು.

ಈಗ ಏಪ್ರಿಲ್. ಆಜಾದ್ ನಗರದ ತಗಡಿನಡಿ
ಗೋಡೆ ಮುಟ್ಟಿದರೆ ರೊಟ್ಟಿ ಹಂಚು.
ಹೆಂಡತಿ ಬೆವರುತ್ತಾಳೆ, ಅಕ್ಕ ಬೆವರುತ್ತಾಳೆ,
ಬಾಡಿಗೆ ಕೇಳಲು ಬಂದವನೂ ಬೆವರುತ್ತಾನೆ.
ಇಷ್ಟರ ನಡುವೆ ನನ್ನ ಶಿರೀನಳ ಬೆವರು ಯಾವುದು?

ಶಿರೀನ್ ಅಂದರೆ ಸಿಹಿ.
ಹೆಸರಿಟ್ಟವಳು ನನ್ನ ಅಕ್ಕ.
ಅರ್ಥ ಕೇಳುವವರು ಮನೆಗೆ ಬಂದರೆ
ಈಗವಳು ಚಹಾ ಮಾಡಲು ಎದ್ದು ಹೋಗುತ್ತಾಳೆ.

ಮೊದಲ ಬೇಸಿಗೆಯಲ್ಲಿ ನಾನೊಂದು ತಪ್ಪು ಮಾಡಿದೆ.
ಆಸ್ಪತ್ರೆಯಿಂದ ತಂದ ಶೀಶೆ
ಸೈಕಲ್ಲಿನ ಚೀಲದಲ್ಲೇ ಉಳಿಯಿತು, ಮಧ್ಯಾಹ್ನಪೂರ್ತಿ, ಬಿಸಿಲಿಗೆ.
ಸಂಜೆ ನೋಡಿದರೆ ಅದೇ ತಿಳಿ, ಅದೇ ಹೊಳಪು.
ಚುಚ್ಚಿದೆವು. ಮಾರನೇ ದಿನವೂ ಚುಚ್ಚಿದೆವು.
ನಾನೂರ ಹನ್ನೆರಡು.
ಕೊಡ ನೀರು ಕುಡಿದಳು, ಎಲ್ಲ ಕಕ್ಕಿದಳು,
ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ.
ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ
ಭಾರವೇ ಇರಲಿಲ್ಲ.

ಬದುಕಿ ಬಂದಳು. ವಾರ ಕಳೆಯಿತು.
ಅದೇ ಡೋಸು, ಅದೇ ತೊಡೆ, ಹೊಸ ಶೀಶೆ.
ಬಿಸಿಲಲ್ಲಿ ಕುಂಟೆಬಿಲ್ಲೆ ಆಡಿ ಬಂದವಳು
ಹೊಸ್ತಿಲಲ್ಲೇ ಕೂತು ನನ್ನನ್ನು "ಸಾರ್" ಅಂದಳು.
ನಲವತ್ತೆಂಟು.
ಕಾದ ಚರ್ಮ ಔಷಧಿಯನ್ನು ಗಟಗಟ ಕುಡಿಯುತ್ತದಂತೆ.
ಹಾಗಾದರೆ ಬಿಸಿಲು ಏರಿಸುತ್ತದೋ, ಇಳಿಸುತ್ತದೋ?
"ಎರಡೂ," ಅಂದರು ಹಾಲಮ್ಮ,
ರಿಜಿಸ್ಟರಿನಿಂದ ತಲೆ ಎತ್ತದೆ.

ಒಂದು ದಿನ ಮೀಟರೂ ಕೈಚೆಲ್ಲಿತು.
ಅಂಕಿ ಇಲ್ಲ, ಪುಟ್ಟ ಥರ್ಮಾಮೀಟರಿನ ಚಿತ್ರ.
ನನಗೂ ಸೆಕೆ, ಆಮೇಲೆ ಬನ್ನಿ ಅಂದಂತೆ.

ಹಳೇ ಫ್ರಿಜ್ಜು ತಂದೆ; ಕರೆಂಟು ಅದಕ್ಕಿಂತ ಹಳೆಯದು.
ಆಗ ಯಾರೋ ಹೇಳಿದರು:
ಗಡಿಗೆಯೊಳಗೆ ಗಡಿಗೆ, ನಡುವೆ ಒದ್ದೆ ಮರಳು.
ಮಾಲೀಕ ದಾದಾಪೀರರ ಹತ್ತಿರ
ಹಳೇ ಮರಳು ಒಂದು ಬುಟ್ಟಿ ಕೇಳಿದೆ.
"ಎಲ್ಲರೂ ಮನೆಗೆ ಅರಳು ಒಯ್ದರೆ ನೀನು ಮರಳು ಒಯ್ತೀಯಲ್ಲೋ!
ಅರವತ್ತಾಗೋಕೆ ಮುಂಚೆನೇ ಅರಳುಮರಳೇನು?"
ಭಟ್ಟಿಯ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ.

ಮಸಿ ಹೋಗಲು ಒಂಬತ್ತು ನೀರು ಬೇಕಾಯಿತು.
ಲಕ್ಷಾಂತರ ಅಕ್ಕಿಕಾಳು ಸಿಡಿಸಿದ ಮರಳು
ಈಗ ನನ್ನ ಮನೆಯ ಮೂಲೆಯಲ್ಲಿ
ತಣ್ಣಗೆ, ಬೆರಳುದ್ದದ ಶೀಶೆಗೆ ಕಾವಲು.
ಬೆಳಿಗ್ಗೆ, ಸಂಜೆ ಅದಕ್ಕೆ ನೀರು ಕುಡಿಸುವುದು ಶಿರೀನಳೇ.
ಗಿಡ ಅಂದುಕೊಂಡು ಪಕ್ಕದ ಮನೆಯ ಪಾಪು
ಏನು ಬೆಳೆಯುತ್ತೆ ಅಂತ ದಿನಾ ಇಣುಕುತ್ತದೆ.

ಹಗಲು ಹೇಗೋ ಕಳೆಯುತ್ತದೆ. ರಾತ್ರಿಯೇ ಕಷ್ಟ.
ಫ್ಯಾನು ನಿಂತ ಮೇಲೆ ಕತ್ತಲಲ್ಲಿ ಎಲ್ಲರೂ ಒದ್ದೆ.
ಸೆಕೆಯ ಬೆವರು ಬೆಚ್ಚಗೆ, ಅಂಟಂಟು;
ಇನ್ನೊಂದು, ಬಾವಿಯ ತಳದ್ದು, ತಣ್ಣಗೆ.
ಆದರೆ ನನ್ನ ಅಂಗೈಗೆ ಬಿಸಿ, ತಂಪು ಒಂದೇ.
ಹದಿನೇಳು ವರ್ಷ ಸುಟ್ಟು ಅದು ತೊಗಲಲ್ಲ, ಅಟ್ಟೆ.
ಅದಕ್ಕೇ ಬಾಗಿ
ಅವಳ ಕತ್ತಿನ ಹಿಂದೆ ಕೆನ್ನೆ ಇಡುತ್ತೇನೆ,
ಕಾಯುತ್ತೇನೆ. ಮೊನ್ನೆ ಒಂದು ರಾತ್ರಿ ಅವಳು ಮಾತಾಡಲಿಲ್ಲ;
ಗ್ಲೂಕೋಸಿನ ಡಬ್ಬಿ ಕತ್ತಲಲ್ಲೇ ಕೈಗೆ ಸಿಕ್ಕಿತು, ಪುಣ್ಯ.

ಒಂದು.
ಎರಡು.
ಮೂರು.
"ಅಬ್ಬಾ, ಮೀಸೆ ಚುಚ್ತದೆ, ಆ ಕಡೆ ಸರಿ."
ಸರಿಯುತ್ತೇನೆ.