ಹೊಕ್ಕುಳ ರೂಪಾಯಿ

ದಿನಕ್ಕೆ ಸಾವಿರ ನಾಣ್ಯ ಮುಟ್ಟುವ ಬೆರಳು ನನ್ನದು.
ಅರಸೀಕೆರೆಯಿಂದ ಜಾವಗಲ್ಲು, ನಡುವೆ ಬಾಣಾವರ,
ಕತ್ತಲಲ್ಲಿ ಚೀಲಕ್ಕೆ ಕೈ ಬಿಟ್ಟರೂ
ಎರಡು ಯಾವುದು, ಐದು ಯಾವುದು, ಅಂಚೇ ಹೇಳುತ್ತದೆ.
ಹತ್ತರ ನಾಣ್ಯ ಕೊಟ್ಟರೆ ಮಾತ್ರ
'ಇದು ನಡೆಯಲ್ಲ ಕಣಮ್ಮ' ಎನ್ನುವ ಜನ;
ನಡೆಯುತ್ತೆ, ನಡೆಯುತ್ತೆ ಎಂದು ಕೂಗಿ ಕೂಗಿ
ಗಂಟಲು ಬಸ್ಸಿನ ಹಾರನ್ನಾಗಿದೆ.

ಅಂಥ ನನ್ನೆದುರು ಈ ಒಂದು ನಾಣ್ಯ ಬಾಯಿ ಬಿಡಲಿಲ್ಲ.

ಹುಚ್ಚೀರಜ್ಜಿ ಹೋದ ಹನ್ನೊಂದನೆಯ ದಿನ
ಚಿಕ್ಕವ್ವ ಹಂಚಿದಳು:
ಹಿತ್ತಾಳೆ ತಂಬಿಗೆ ದೊಡ್ಡವನಿಗೆ, ಕಂಬಳಿ ಇನ್ನೊಬ್ಬನಿಗೆ,
ನನಗೆ ಎಲೆಅಡಿಕೆ ಚೀಲ.
ಅದರ ಒಳಜೇಬಿನಲ್ಲಿ, ಸುಣ್ಣ ಮೆತ್ತಿಕೊಂಡು,
ಬೆಳ್ಳಿಯದು, ಒಂದೇ ಒಂದು.
ಈ ಕಡೆ ಕಿರೀಟದ ರಾಜ, ಆ ಕಡೆ ಹೂಬಳ್ಳಿ.
ಇಸವಿ: ಒಂದು, ಒಂಬತ್ತು, ಒಂದು,
ಆಮೇಲೆ ಬೋಳು.

ಸ್ಟೇಷನ್ ರಸ್ತೆಯ ಗಡಿಯಾರ ರಿಪೇರಿ ಖಲಂದರ್ ಸಾಬರು
ಕಣ್ಣಿಗೆ ಕೊಳವೆಗನ್ನಡಿ ಸಿಕ್ಕಿಸಿಕೊಂಡರು.
ಬಳ್ಳಿಯ ನಡುವಿನದನ್ನು 'ಯಕ್ ರುಪಯ' ಎಂದು ಓದಿದರು.
ನಾನದನ್ನು ಮೊಗ್ಗು ಅಂದುಕೊಂಡಿದ್ದೆ.
ಪಕ್ಕದ ಸರಾಫರ ತಕ್ಕಡಿಯಲ್ಲಿ
ತೊಲಕ್ಕೆ ಮೂರು ಗುಂಜಿ ಕಮ್ಮಿ.

'ಹನ್ನೊಂದನೇ ಇಸವಿದಾದರೆ ಅಪರೂಪದ್ದು' ಅಂದರು.
'ಈ ರಾಜನ ಎದೆಯ ಸರದಲ್ಲಿ ಆನೆ ಇರಬೇಕು, ಸಣ್ಣದು.
ಆ ವರ್ಷ ಅಚ್ಚು ಕೆತ್ತಿದವನು ಸೊಂಡಿಲು ಗಿಡ್ಡ ಮಾಡಿಬಿಟ್ಟ.
ಜನ ಅದನ್ನು ಆನೆ ಅನ್ನಲಿಲ್ಲ.
ಏನಂದರು ಅಂತ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?
ಗಲಾಟೆಯಾಯ್ತು, ಬಹಳಷ್ಟನ್ನು ಕರಗಿಸಿದರು.
ಮರುವರ್ಷ ಸೊಂಡಿಲು ಬೆಳೀತು.'

ಹಂದಿಯಾದರೆ ಸಾವಿರಗಟ್ಟಲೆ,
ಆನೆಯಾದರೆ ಬರೀ ಬೆಳ್ಳಿಯ ಬೆಲೆ.
ಇಂಥ ಸಂತೆ ನಾನು ಕಂಡಿರಲಿಲ್ಲ.

ದೀಪ ಓರೆ ಮಾಡಿದರು. ನಾಣ್ಯ ಓರೆ ಮಾಡಿದರು.
ನನ್ನ ಟಿಕೆಟ್ ರೋಲಿನ ತುಂಡು ಹರಿದು ಮೇಲಿಟ್ಟು
ಉಗುರಲ್ಲಿ ಉಜ್ಜಿದರು, ಉಜ್ಜಿದಲ್ಲೆಲ್ಲ ಕಪ್ಪಾಗುವ ಕಾಗದ.
ಮೂಗು ಬಂತು, ಗಡ್ಡ ಬಂತು, ಕಿರೀಟದ ಅಂಚು ಬಂತು;
ಎದೆಯ ಮೇಲೆ ಮಾತ್ರ ಒಂದು ಉಬ್ಬು,
ನೆನೆಸಿಟ್ಟ ಹೆಸರುಕಾಳಿನಷ್ಟು.
ಕಾಲಿದೆಯೇ? ಇದ್ದರೂ ಇರಬಹುದು.

'ಕೈಯಿಂದ ಕೈಗೆ ಹೋಗಿ ಸವೆದದ್ದು ಹೀಗಿರಲ್ಲ' ಅಂದರು,
'ಏನು ಮಾಡ್ತಿದ್ದರು ನಿಮ್ಮಜ್ಜಿ ಇದರಲ್ಲಿ?'

ಸೂಲಗಿತ್ತಿ, ಅಂದೆ.
ಹೊಕ್ಕುಳು ಉಬ್ಬಿದ ಕೂಸಿಗೆ ಹರಳೆಣ್ಣೆ ಸವರಿ
ರಾಜನನ್ನು ಬೋರಲು ಒತ್ತಿ
ಹಳೇ ಸೀರೆಯ ಪಟ್ಟಿ ಸುತ್ತಿ ಬರುತ್ತಿದ್ದಳು.
ವಾರ ಕಳೆದು ಹೋಗಿ ಬಿಚ್ಚಿ
ಒಲೆಬೂದಿಯಲ್ಲಿ ತಿಕ್ಕಿ ಮತ್ತೆ ಚೀಲಕ್ಕೆ.
ಕೂಸು ಕೈಗೆ ಹತ್ತದ ದಿನ
ತಿಕ್ಕುವುದು ತುಸು ಹೆಚ್ಚು.
ಹಿತ್ತಲಲ್ಲಿ ಕೂತು, ಯಾರು ಕರೆದರೂ ಓ ಎನ್ನದೆ.

ಸಾಬರು ಕನ್ನಡಿ ಕಳಚಿ ಒರೆಸಿಕೊಂಡರು.
'ಹಾಸನದಲ್ಲಿ ಒಬ್ಬರಿದ್ದಾರೆ, ಅವರ ಹತ್ತಿರ ಇದಕ್ಕಿಂತ ಒಳ್ಳೆ ಬೆಳಕಿದೆ.'
ಚೀಟಿ ಬರೆದುಕೊಟ್ಟರು. ದುಡ್ಡು ಬೇಡವೆಂದರು.

ರಾತ್ರಿ ಬಾಗಿಲು ಹಾಕಿ
ಕೈಗನ್ನಡಿಯನ್ನು ಹೊಟ್ಟೆಗೆ ಹಿಡಿದು ನೋಡಿದೆ, ನಗು ಬಂತು.
ನನಗೂ ಇದೇ ಒತ್ತಿದ್ದಳಂತೆ, ಹದಿನೈದು ದಿನ.
ಕಿರೀಟವಿಲ್ಲ, ಸೊಂಡಿಲಿಲ್ಲ, ಮೂತಿಯಿಲ್ಲ.
ಒಳಕ್ಕೆ ಸರಿದು ಕೂತ ಒಂದು ಗಂಟು,
ಗಂಟಿನೊಳಗೆ ಒಂದಿಷ್ಟು ಕತ್ತಲು.

ಬೆಳಗ್ಗೆ ಸೀಟು ಸಿಗದೆ ಕಂಬಿಗೆ ಜೋತುಬಿದ್ದವರ ನಡುವೆ
ಟಿಕೆಟ್ ಟಿಕೆಟ್ ಎಂದು ಒತ್ತಿಕೊಂಡು ಹೋಗುವಾಗ
ಇವರಲ್ಲಿ ಯಾರು ಒಯ್ದರು ಆ ಸೊಂಡಿಲನ್ನು ಎಂದು
ಒಂದೊಂದು ಅಂಗಿಯ ಮೂರನೇ ಗುಂಡಿ ನೋಡಿದೆ.
ಬಾಣಾವರದಲ್ಲಿ ಹತ್ತಿದ ಒಬ್ಬ ಮುದುಕ
'ಏನವ್ವ, ಚಿಲ್ಲರೆ ಇಲ್ವಾ?' ಅಂದ.

ಸಂಜೆ ಡಿಪೋದಲ್ಲಿ ಲೆಕ್ಕ.
ಮರಿಗೌಡರು ಎರಡು ಸಲ ಎಣಿಸಿ,
'ಒಂದು ರೂಪಾಯಿ ಹೆಚ್ಚಿದೆಯಲ್ಲಮ್ಮ,
ಸುಣ್ಣ ಬೇರೆ ಹತ್ತಿದೆ. ನಡೆಯಲ್ಲ ಇದು.'

ಗೊತ್ತು, ಕೊಡಿ ಇತ್ಲಾಗೆ, ಅಂದೆ.
ಸಾಬರ ಚೀಟಿ ಇನ್ನೂ ಜೇಬಲ್ಲೇ ಇತ್ತು.