ಬೇಕೆಂದೇ ಒಡೆದ ಹಾಲು

ಕುಡ್ಲೆಯ ಶ್ಯಾಕು ಬಿಚ್ಚಿ
ತಟ್ಟಿ, ಗಳ, ಬಣ್ಣದ ದೀಪದ ಸರ
ಎಲ್ಲ ಅಟ್ಟ ಸೇರಿದ ಮೇಲೆ
ಉಳಿದದ್ದು ಒಂದು ನಾನ್‌ಸ್ಟಿಕ್ ಕಾವಲಿ,
ಯಾಯೆಲ್ ಬಾಯಲ್ಲೇ ಹೇಳಿಕೊಟ್ಟ ಬ್ಲಿಂಟ್ಸ್.

ಹಾಲು ಒಡೆಸಬೇಕು ಅಂದೆ.
ಅತ್ತೆ ಬಂಗಡೆ ಕೊಯ್ಯುವುದು ನಿಲ್ಲಿಸಿದರು.
“ಒಡೆದರೆ ಒಡೀತು. ಯಾರಾದ್ರೂ ಬೇಕಂತ್ಲೇ
ಒಡೆಸ್ತಾರೇನೇ ಮಾದೇವಿ, ಅದೂ ಮಂಗಳವಾರ?”

ಲಿಂಬೆ ಇರಲಿಲ್ಲ. ಮುರುಗಲ ಸಿಪ್ಪೆ ನೆನೆಸಿ ಹಿಂಡಿದೆ.
ಹಾಲು ಒಂದು ಗಳಿಗೆ ಯೋಚಿಸಿತು,
ಆಮೇಲೆ ಬಿಟ್ಟುಕೊಟ್ಟಿತು,
ಹಸುಗೂಸಿನ ಹಿಮ್ಮಡಿಯ ಬಣ್ಣದಲ್ಲಿ.
ಪಂಚೆಯ ಚೂರಿನಲ್ಲಿ ಕಟ್ಟಿ ನಲ್ಲಿಗೆ ತೂಗುಬಿಟ್ಟೆ.
ತೊಟ್ಟು.
ತೊಟ್ಟು.

ಮೈದಾ, ಮೊಟ್ಟೆ, ಚಿಟಿಕೆ ಉಪ್ಪು,
ನೀರುದೋಸೆಗಿಂತಲೂ ತೆಳು ಹಿಟ್ಟು.
ಒಂದೇ ಮಗ್ಗುಲು ಬೇಯಿಸು, ಮಗುಚಬೇಡ ಅಂದಿದ್ದಳು.
ಕೈ ಕೇಳಬೇಕಲ್ಲ! ಹದಿನೆಂಟು ವರ್ಷ ದೋಸೆ ಮಗುಚಿದ ಕೈ.
ಮೊದಲಿನ ಮೂರು ಬೆಕ್ಕಿಗೆ ಹೋದವು.

ಬೆಂದ ಮಗ್ಗುಲ ಮೇಲೆ ಗಿಣ್ಣಿನಂಥ ಹೂರಣ,
ಸಕ್ಕರೆ, ಏಲಕ್ಕಿ
(ಏಲಕ್ಕಿ ನನ್ನದು, ಅವಳು ಹೇಳಿದ್ದಲ್ಲ)
ಎಡದಿಂದ, ಬಲದಿಂದ ಮಡಚಿ ಕೆಳಗಿಂದ ಸುತ್ತಿದರೆ
ಮಿಂದು ಬಂದ ಕೂಸಿನ ಹಾಗೆ ಬಿಗಿ.
ಹಸಿ ಮಗ್ಗುಲು ಈಗ ಹೊರಗೆ.
ಬೆಣ್ಣೆ, ಬೆಂಕಿ ಅದರ ಪಾಲಿಗೆ.

ಅತ್ತೆ ಮುಟ್ಟಲಿಲ್ಲ.
ಬಟ್ಟೆಯಿಂದ ಸೋರಿದ ಗುಲಾಬಿ ನೀರು
ನಾನು ಚೆಲ್ಲಹೋದಾಗ ಮಾತ್ರ
ಪಾತ್ರೆ ಕಸಿದುಕೊಂಡು
ಬೆಳ್ಳುಳ್ಳಿ ಜಜ್ಜಿ, ಹಸಿಮೆಣಸು ಸಿಗಿದು ಹಾಕಿ
ಸೋಲ್‌ಕಡಿಯಂತೆ ಗಟಗಟ ಕುಡಿದರು,
ಮುಂಗೈಗೆ ಮೀನಿನ ಹುರುಪೆ ಅಂಟಿದ್ದಂತೆಯೇ.

ಉಪ್ಪು ಸಾಲದು ಅಂದರು.