ಮೂರನೆಯ ಎಲೆ

ಒಂಬತ್ತಿವೆ ನನ್ನ ಬಳಿ. ಹತ್ತನೆಯದಕ್ಕೆ
ಹಲ್ಲು ಕಿತ್ತ ದುಡ್ಡು ಸಾಲಲಿಲ್ಲ.
ಯಾಂಟಿಕ್ ಹೊಳೆಯ ಈ ನಾರ್ವಿಚ್ಚಿನಲ್ಲಿ
ಮೂವತ್ತೆಂಟು ವರ್ಷ ಊರವರ ಬಾಯೊಳಗೆ ಬಗ್ಗಿ
ದುಡಿದದ್ದೆಲ್ಲ
ಹಸಿರು ಬನಾತಿನ ಪೆಟ್ಟಿಗೆಗಳಲ್ಲಿ ಮಲಗಿದೆ.

ಬಂದವರು ಕೇಳುವುದು ಒಂದೇ:
ಇದು ಯಾರನ್ನಾದರೂ ಕೊಂದಿದೆಯೇ, ಡಾಕ್ಟರೇ?
ಮಸೂರ ಕೈಗಿಡುತ್ತೇನೆ.
ಕೊಂದದ್ದು ಇದರಲ್ಲಿ ಕಾಣುವುದಿಲ್ಲ.
ಕಾಣುವುದು ಬಳ್ಳಿ,
ನಳಿಗೆಯ ಬುಡದಲ್ಲಿ ಹುಟ್ಟಿ, ಉರುಳೆ ಸುತ್ತಿ,
ಕುದುರೆಯ ಕತ್ತಿನವರೆಗೂ ಹಬ್ಬಿದ್ದು;
ಅದರ ಹಿಂದೆ ಸಾಸಿವೆಗಿಂತ ಸಣ್ಣ ಚುಕ್ಕಿ,
ಎಣಿಸಲು ಕೂತು ನಾನೂರಕ್ಕೆ ಕೈಬಿಟ್ಟೆ.

ಕಂಪನಿಯ ಹೆಸರಿದೆ, ಕೊಂಡವನ ಹೆಸರಿದೆ,
ಕೆತ್ತಿದವನದಿಲ್ಲ.
ಹೆಸರಿಲ್ಲದವನನ್ನು ಕೈಯಿಂದಲೇ ಹಿಡಿಯಬೇಕು.
ನನಗದು ಹೊಸತಲ್ಲ. ಯಾರೋ ತುಂಬಿದ ದವಡೆಹಲ್ಲು ನೋಡಿ
ಇದು ಟಾಫ್ಟ್‌ವಿಲ್ಲಿನ ಮುದುಕನ ಕೆಲಸ ಎನ್ನಬಲ್ಲೆ,
ಎಡಗೋಡೆಗೆ ಸದಾ ತುಸು ಹೆಚ್ಚೇ ಒತ್ತುತ್ತಿದ್ದ ಪುಣ್ಯಾತ್ಮ.

ಒಂಬತ್ತರಲ್ಲಿ ನಾಲ್ಕು ಒಬ್ಬನವೇ.
ಪ್ರತಿ ಬಳ್ಳಿಯಲ್ಲೂ ಮೂರನೆಯ ಎಲೆ
ಬೆಳಕಿಗೆ ಬೆನ್ನು ಹಾಕಿ ಹಿಂದಕ್ಕೆ ಹೊರಳಿದೆ.
ಉಳಿ ಜಾರಿತೆಂದುಕೊಂಡಿದ್ದೆ ಮೊದಲು.
ತಪ್ಪು ನಾಲ್ಕು ಸಲ ಒಂದೇ ಜಾಗದಲ್ಲಿ ಬಿದ್ದರೆ
ಅದಕ್ಕೆ ರುಜು ಎನ್ನಬೇಕು.

ಐದನೆಯದೊಂದಿದೆ, ಅರವತ್ತಾರರದು.
ಅವೇ ಚುಕ್ಕಿ, ಅದೇ ಬಳುಕು;
ಮೂರನೆಯ ಎಲೆ ಮಾತ್ರ ನೆಟ್ಟಗೆ.
ಬೇರೆಯವನೆಂದು ಬೇರೆ ಗೂಡಿನಲ್ಲಿಟ್ಟಿದ್ದೆ.

ನನ್ನ ತರ್ಜಾಗೆ ಇವು ಆಗವು.
ಗುಂಡು ನಿನಗೆ, ಗುಂಡಿ ನನಗೆ ಎನ್ನುತ್ತಾಳೆ.
ಹಳೆಯ ಅಂಗಿಗಳ ಗುಂಡಿ ಕೂಡಿಡುವುದು ಅವಳ ಹುಚ್ಚು.
ಹೋದ ಮಾರ್ಚಿನಲ್ಲಿ, ಸ್ಟೋನಿಂಗ್ಟನ್ನಿನಲ್ಲಿ
ಯಾರದೋ ಮನೆ ಖಾಲಿಮಾಡುವ ಮಾರಾಟಕ್ಕೆ ಹೋಗಿ
ಮೂರು ಡಾಲರಿಗೆ ತಗಡಿನ ಡಬ್ಬಿ ತಂದಳು.
ಮೇಜಿನ ಮೇಲೆ ಸುರಿದಾಗ ಕೊನೆಗೆ ಬಿದ್ದದ್ದು
ಕಪ್ಪಿಟ್ಟ ಬಿಲ್ಲೆ, ಅಂಗೈಯಗಲ.
ನನ್ನ ಹಲ್ಲುಪುಡಿಯಲ್ಲೇ ಉಜ್ಜಿದಳು.
ಬೆಳ್ಳಿ.

*ಒಟ್ಟೀಲಿಯಾ. ಎರಡು ವರ್ಷ, ನಾಲ್ಕು ತಿಂಗಳು.
ಫೆಬ್ರುವರಿ, ೧೮೬೮.*

ಶವಪೆಟ್ಟಿಗೆಯ ಮುಚ್ಚಳದ್ದು, ಅಂದಳು.
ಗುಂಡಿಗಿಳಿಸುವ ಮೊದಲು ಕೆಲವರು
ಮೊಳೆ ಕಿತ್ತು ಮನೆಗೆ ತರುತ್ತಿದ್ದರಂತೆ.

ಹೆಸರಿನ ಸುತ್ತ ಬಳ್ಳಿ.
ಮಸೂರ ಕಣ್ಣಿಗಿಟ್ಟೆ. ಒಂದನೆಯ ಎಲೆ,
ಎರಡನೆಯದು,
ಮೂರನೆಯದು ಹಿಂದಕ್ಕೆ ಹೊರಳಿ
ಒಕಾರದ ಹೊಟ್ಟೆಯ ಕೆಳಗೆ ಮಲಗಿತ್ತು,
ತಲೆದಿಂಬಿನ ಹಾಗೆ.
ಇಲ್ಲಿ ಅದಕ್ಕೆ ಹೊರಳಲು ಕಾರಣವಿತ್ತು.
ಚುಕ್ಕಿ ಒಂದೂ ಇಲ್ಲ. ಹಿನ್ನೆಲೆ ಬರೀ ನುಣುಪು.

ರಾತ್ರಿ ಐದೂ ಪಿಸ್ತೂಲಿನ ನಂಬರು ನೋಡಿದೆ.
ಎಲೆ ಹೊರಳಿದ ನಾಲ್ಕೂ
ಅರವತ್ತೆಂಟರ ಬೇಸಗೆಯಿಂದ ಈಚಿನವು.
ಅವನ ಮಗುವೋ, ಪಕ್ಕದ ಮನೆಯದೋ,
ಕೂಲಿಗೆ ಕೆತ್ತಿದ ಬರೀ ಒಂದು ಹೆಸರೋ ತಿಳಿಯದು.
ಆಮೇಲೆ ಎಲೆಗೆ ನೆಟ್ಟಗೆ ನಿಲ್ಲಲು ಬರಲಿಲ್ಲ, ಅಷ್ಟೆ,
ಯಾವನದೋ ಸೊಂಟಕ್ಕೆ ಹೋಗುವ ಕಬ್ಬಿಣದ ಮೇಲೂ.

ಬೇರೆ ಗೂಡಿನಲ್ಲಿದ್ದುದನ್ನು ತಂದು
ನಾಲ್ಕರ ಮೊದಲಿಗಿಟ್ಟೆ.

ಬಿಲ್ಲೆಗೂ ಬನಾತು ಕತ್ತರಿಸಿದ್ದೆ; ತರ್ಜಾ ಕೊಡಲಿಲ್ಲ.
ದುಡ್ಡು ನನ್ನದು, ಮಗು ಅವುಗಳ ಜೊತೆ ಮಲಗುವುದಿಲ್ಲ, ಎಂದಳು.
ಅದೀಗ ಅಡುಗೆಮನೆಯ ಕಿಟಕಿಯಲ್ಲಿ,
ಉಪ್ಪಿನ ಜಾಡಿಗೆ ಒರಗಿ ನಿಂತಿದೆ.
ನೋಡಬೇಕೆಂದರೆ ನಾನೇ ಹೋಗಬೇಕು.

ಹೋದೆ ಇವತ್ತೂ, ಮಸೂರ ಹಿಡಿದು.
ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತದೆ
ಎಣ್ಣೆ ವಾಸನೆ, ಎಂದಳು,
ಮೊದಲು ಕೈ ತೊಳೆದುಕೊಂಡು ಬಾ.